ಓದುಗರ ಪ್ರಶ್ನೆ: ಹೊಳೆದಂಡೆಯ ಹಳೇ ಅಕ್ಕಿ ಗಿರಣಿ

ಪ್ರಶ್ನೆ: ಸಿರುಗುಪ್ಪದ ಹತ್ತಿರ ತುಂಗಭದ್ರೆಯ ದಂಡೆಗೆ ಇಟ್ಟಿಗೆ-ಗಾರೆಯ ಹಳೇ ಹಲ್ಲರ್ (ಭತ್ತ ಸುಲಿಯುವ ಯಂತ್ರ) ಗಿರಣಿ ಪಾಳು ಬಿದ್ದಿದೆ. ಇಂಥವು ಯಾಕೆ ಮುಚ್ಚಿದವು? ಅದನ್ನು ಗ್ರಂಥಾಲಯ ಮಾಡಬೇಕೆಂದಿದ್ದೇವೆ. ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರೆ ಎರಡೇ ವರ್ಷಕ್ಕೆ ಉದುರುತ್ತಿದೆ.

ಉತ್ತರ: 1953ರಲ್ಲಿ ತುಂಗಭದ್ರಾ ಜಲಾಶಯದಿಂದ ಕಾಲುವೆಗೆ ನೀರು ಬಿಟ್ಟ ಮೇಲೆ ಈ ಸೀಮೆಯಲ್ಲಿ ಭತ್ತ ಹಬ್ಬಿತು, ಗಿರಣಿಗಳೂ ಬಂದವು. ಹಲ್ಲರ್‌ನ ಕಬ್ಬಿಣದ ಉರುಳೆ ಹೊಟ್ಟು, ತೌಡು ಎರಡನ್ನೂ ಒಂದೇ ಸಲಕ್ಕೆ ಕೀಳುತ್ತದೆ. ಎರಡೂ ಕಲೆತ ತೌಡು ಎಣ್ಣೆ ತೆಗೆಯಲು ಬರುವುದಿಲ್ಲ, ಅಕ್ಕಿಯೂ ನುಚ್ಚಾಗುತ್ತದೆ. ರಬ್ಬರ್ ಉರುಳೆಯ ಯಂತ್ರ (ರಬ್ಬರ್ ರೋಲ್) ಹೊಟ್ಟನ್ನಷ್ಟೇ ಸುಲಿಯುತ್ತದೆ. ಅದರ ಮುಂದೆ ಹಲ್ಲರ್ ನಿಲ್ಲಲಿಲ್ಲ.

ಇನ್ನು ಗೋಡೆ. ಇಟ್ಟಿಗೆ ನೆಲದ ತೇವ ಹೀರುತ್ತದೆ, ನೀರಿನ ಜೊತೆ ಉಪ್ಪೂ ಏರುತ್ತದೆ. ಸಿಮೆಂಟು ಆ ತೇವವನ್ನು ಹೊರಗೆ ಬಿಡದು. ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ ಅದನ್ನು ನೂಕುತ್ತದೆ. ಉದುರಿದ ಚಕ್ಕೆಯ ಒಳಮೈ ನೋಡಿ, ಬಿಳಿ ಪುಡಿ ಅಂಟಿರುತ್ತದೆ. ಸಿಮೆಂಟನ್ನು ಉಳಿಯಿಂದ ಮೆಲ್ಲಗೆ ತೆಗೆಸಿ, ಪುಡಿಯನ್ನು ಒಣ ಬ್ರಷ್‌ನಿಂದ ಉಜ್ಜಿ. ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಒಳಗೇ ಹೋಗುತ್ತದೆ. ಗೋಡೆ ಒಂದು ಬೇಸಿಗೆ ಪೂರ್ತಿ ಒಣಗಲಿ. ಆಮೇಲೆ ಎರಡು ವಾರವಾದರೂ ನೆನೆದ ಸುಣ್ಣ ಒಂದು ಪಾಲು, ತೊಳೆದ ಮರಳು ಮೂರು ಪಾಲು ಕಲಸಿ ತೆಳುವಾಗಿ ಎರಡು ಪದರ ಹಚ್ಚಿಸಿ, ಒದ್ದೆ ಗೋಣಿ ಹೊದಿಸಿ ಒಂದು ವಾರ ತಂಪಾಗಿಡಿ.

ಬಿರುಕು ಕಂಡರೆ ಅವಸರಕ್ಕೆ ತುಂಬಿಸಬೇಡಿ. ಅಡ್ಡಲಾಗಿ ಗಾಜಿನ ತೆಳು ಪಟ್ಟಿ ಅಂಟಿಸಿ, ತಾರೀಕು ಬರೆದು ಮಳೆಗಾಲ ದಾಟಿಸಿ. ಗಾಜು ಸೀಳಿದರೆ ಗೋಡೆ ಇನ್ನೂ ಕದಲುತ್ತಿದೆ, ಪಾಯವೇ ಕುಸಿಯುತ್ತಿರಬಹುದು. ಎಂಜಿನಿಯರ್ ನೋಡುವವರೆಗೆ ಒಳಗೆ ಮಕ್ಕಳನ್ನು ಕೂರಿಸಲೇಬೇಡಿ.