ಮಂಗಳೂರಿನಲ್ಲಿ ಇಳಿದ ವಿಮಾನ ನಿಮ್ಮ ಮನೆಯಲ್ಲಿ ಯಾಕೆ ಕಾಣುವುದಿಲ್ಲ?

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮ ಮನೆ, ಸುತ್ತ ಅಡಿಕೆ ತೋಟ. ಮಾಡಿನ ಮೇಲೆ ಆಂಟೆನಾ ಇಟ್ಟು, ಯುಎಸ್‌ಬಿ ಡಾಂಗಲ್ (ಪುಟ್ಟ ರೇಡಿಯೋ ರಿಸೀವರ್) ಹಾಕಿ ವಿಮಾನಗಳ ಸಿಗ್ನಲ್ ಹಿಡಿಯುತ್ತೇನೆ. ಸಮುದ್ರದ ಮೇಲೆ 250 ಕಿ.ಮೀ. ದೂರದ ವಿಮಾನವೂ ಸಿಗುತ್ತದೆ. ಮಂಗಳೂರಿನದ್ದು ಮಾತ್ರ ಇಳಿಯುವ ಮೊದಲೇ ಮಾಯವಾಗುತ್ತದೆ. ರನ್‌ವೇಯಲ್ಲಿರುವುದು ಒಂದೂ ಕಾಣುವುದಿಲ್ಲ. ಬೂಸ್ಟರ್ ಹಾಕಿದರೆ ಸರಿಯಾಗುತ್ತದೆ ಎಂದು ಅಂಗಡಿಯವರು ಹೇಳಿದರು. ಹಾಕಲೇ?

ಉತ್ತರ: ಹಾಕಬೇಡಿ. ಇದೇ ಪ್ರಶ್ನೆ ಕುಂಬಳೆಯಿಂದ ಬಂದಿದೆ, ಮುಳ್ಳೇರಿಯದಿಂದ ಬಂದಿದೆ. ಎಲ್ಲರಿಗೂ ಯಾರೋ ಒಬ್ಬರು ಬೂಸ್ಟರ್ ಹಾಕಲು ಹೇಳಿದ್ದಾರೆ. ನನಗೆ ಸಿಟ್ಟು ಬರುವುದು ಅಲ್ಲೇ. ಆಂಟೆನಾಕ್ಕೆ ಬಂದು ಮುಟ್ಟಿದ ಸಿಗ್ನಲ್ಲನ್ನು ಬೂಸ್ಟರ್ ದೊಡ್ಡದು ಮಾಡುತ್ತದೆ. ಗುಡ್ಡದ ಆಚೆಯೇ ನಿಂತದ್ದನ್ನು ಎಳೆದು ತರುವುದಿಲ್ಲ.

ವಿಮಾನ ಸಿಗ್ನಲ್ ಕಳಿಸುವ 1090 ಮೆಗಾಹರ್ಟ್ಸ್ ಅಲೆ ಹೆಚ್ಚುಕಡಿಮೆ ನೇರಕ್ಕೆ ಹೋಗುತ್ತದೆ. ಎಷ್ಟು ದೂರ ಮುಟ್ಟುತ್ತದೆ ಎಂದು ನೀವೇ ಲೆಕ್ಕ ಹಾಕಬಹುದು. ವಿಮಾನದ ಎತ್ತರವನ್ನು ಮೀಟರಿನಲ್ಲಿ ಬರೆದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿ. ಆಂಟೆನಾದ ಎತ್ತರಕ್ಕೂ ಹಾಗೇ ಮಾಡಿ, ಎರಡನ್ನೂ ಕೂಡಿಸಿ. 10,000 ಮೀಟರ್ ಮೇಲಿರುವ ವಿಮಾನಕ್ಕೆ 412 ಕಿ.ಮೀ. ಬಂತು. 9 ಮೀಟರ್ ಎತ್ತರದ ಆಂಟೆನಾಕ್ಕೆ ಬರೀ 12. ಸಮುದ್ರದ ಮೇಲಿನದ್ದು ಸಲೀಸಾಗಿ ಸಿಗುವುದು ಇದಕ್ಕೇ.

ಮಂಗಳೂರಿನ ರನ್‌ವೇ ಗುಡ್ಡದ ನೆತ್ತಿಯಲ್ಲಿದೆ, ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಮೇಲೆ. ಹಾಗಾಗಿ ನಡುವೆ ಬಯಲೇ ಇದ್ದಿದ್ದರೆ ನಿಮಗೂ ಸಿಗುವ ಅವಕಾಶವಿತ್ತು. ಆದರೆ ನಡುವೆ ಇರುವುದು ನಮ್ಮ ಮುರಕಲ್ಲಿನ ಗುಡ್ಡಗಳು, ಪದವುಗಳು. ನಮ್ಮ ಮನೆಗಳಿರುವುದು ಅವುಗಳ ಬುಡದಲ್ಲಿ, ನೀರಿರುವ ಕಡೆ. ಮೇಲಿಂದ ಅಡಿಕೆ, ತೆಂಗಿನ ಸೋಗೆ. ಮಳೆಗೆ ನೆನೆದ ಸೋಗೆ ಈ ಅಲೆಯನ್ನು ಚೆನ್ನಾಗಿ ಹೀರುತ್ತದೆ.

ತಡೆ ಗುಡ್ಡದ್ದೋ ವಯರಿನದ್ದೋ ಎಂದು ತಿಳಿಯಲು ಖರ್ಚಿಲ್ಲ. ಮಂಗಳೂರಿಗೆ ಇಳಿಯುವ ಹತ್ತು ವಿಮಾನಗಳನ್ನು ನೋಡಿ. ಎಷ್ಟು ಅಡಿ ಎತ್ತರದಲ್ಲಿ ಮಾಯವಾಯಿತು, ಯಾವ ದಿಕ್ಕಿನಲ್ಲಿ ಎಂದು ಬರೆದಿಡಿ. ಒಂದೇ ದಿಕ್ಕಿನವು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಹೋದರೆ ಅದು ಗುಡ್ಡ. ಒಂದು ಅಲ್ಲಿ, ಇನ್ನೊಂದು ಇಲ್ಲಿ ಹೋದರೆ ಕನೆಕ್ಟರ್, ವಯರ್ ನೋಡಿ. ವಯರ್ ಉದ್ದವಾದಷ್ಟೂ ನಷ್ಟ ಜಾಸ್ತಿ. ಡಾಂಗಲ್ಲನ್ನೇ ಆಂಟೆನಾದ ಹತ್ತಿರ ಒಯ್ಯಿರಿ.

ಇನ್ನೊಂದು ವಿಷಯ ಬೂಸ್ಟರ್ ಮಾರುವ ಯಾರೂ ಹೇಳುವುದಿಲ್ಲ. ಚಕ್ರ ನೆಲ ಮುಟ್ಟಿದ ಕೂಡಲೇ ವಿಮಾನ ಕಳಿಸುವ ಸಂದೇಶದ ರೂಪವೇ ಬದಲಾಗುತ್ತದೆ. ಎತ್ತರದ ಬದಲು ನೆಲದ ಮೇಲಿನ ವೇಗ ಬರುತ್ತದೆ. ಜಾಗದ ಲೆಕ್ಕವೂ ಬೇರೆ. ಹಾರುವಾಗ ಸುಮಾರು 5 ಮೀಟರಿನಷ್ಟು ನಿಖರ, ನೆಲದಲ್ಲಿ 1.25 ಮೀಟರ್. ಅಷ್ಟೇ ಬಿಟ್‌ಗಳಲ್ಲಿ ಇಷ್ಟು ಸೂಕ್ಷ್ಮವಾಗಿ ಹೇಳಬೇಕಾದ್ದರಿಂದ ಒಂದೇ ಸಂಖ್ಯೆ ಭೂಮಿಯ ಬೇರೆ ಬೇರೆ ಕಡೆಗೂ ಹೊಂದುತ್ತದೆ. ಅದರಲ್ಲಿ ಯಾವುದು ಸರಿ ಎಂದು ಗೊತ್ತಾಗಬೇಕಾದರೆ ನೀವು ಎಲ್ಲಿದ್ದೀರಿ ಎಂದು ಸಾಫ್ಟ್‌ವೇರ್‌ಗೆ ತಿಳಿದಿರಬೇಕು. ಸಿಗ್ನಲ್ ಬಿಡಿಸಿ ಓದುವ ಡಂಪ್1090 ಸಾಫ್ಟ್‌ವೇರ್‌ನಲ್ಲಿ ನಿಮ್ಮ ಅಕ್ಷಾಂಶ ರೇಖಾಂಶ ಕೊಟ್ಟಿದ್ದೀರಾ? ಕೊಡದಿದ್ದರೆ ಸಿಗ್ನಲ್ ಬಂದರೂ ನೆಲದಲ್ಲಿರುವ ವಿಮಾನ ನಕ್ಷೆಯಲ್ಲಿ ಬಾರದೇ ಇರಬಹುದು. ಪಟ್ಟಿಯಲ್ಲಿ ಹೆಸರು ಇದ್ದು ನಕ್ಷೆಯಲ್ಲಿ ಇಲ್ಲವಾದರೆ ಮೊದಲು ಇದನ್ನೇ ನೋಡಿ.

ನಿಂತ ವಿಮಾನ ಜಾಗ ಹೇಳುವುದು ಸುಮಾರು 5 ಸೆಕೆಂಡಿಗೆ ಒಮ್ಮೆ. ಹಾರುವಾಗ ಸೆಕೆಂಡಿಗೆ ಎರಡು ಸಲ. ಪಾರ್ಕಿಂಗ್‌ಗೆ ಬಂದ ಮೇಲೆ ಪೈಲಟ್ ಸಾಮಾನ್ಯವಾಗಿ ಈ ಸಿಗ್ನಲ್ ಕಳಿಸುವ ಟ್ರಾನ್ಸ್‌ಪಾಂಡರನ್ನು ಸ್ಟ್ಯಾಂಡ್‌ಬೈಗೆ ಹಾಕುತ್ತಾರೆ. ಆಮೇಲೆ ಯಾರಿಗೂ ಏನೂ ಸಿಗುವುದಿಲ್ಲ. ಆದ್ದರಿಂದ ರನ್‌ವೇಯಲ್ಲಿ ಓಡುವಾಗಿನದ್ದನ್ನು ಹಿಡಿಯಲು ನೋಡಿ. ಲೊಕೇಶನ್ ಸರಿ ಮಾಡಿದ ಮೇಲೆ ಒಂದು ದಿನ ಲ್ಯಾಪ್‌ಟಾಪ್ ಹಿಡಿದು ಪೊಸಡಿ ಗುಂಪೆ ಗುಡ್ಡ ಹತ್ತಿ. ಸಾವಿರ ಅಡಿಗೂ ಮೇಲಿನ ಜಾಗ ಅದು. ಅದೇ ಡಾಂಗಲ್, ಅದೇ ಆಂಟೆನಾ ಸಾಕು. ಅಲ್ಲಿ ಮಂಗಳೂರಿನ ವಿಮಾನ ಇನ್ನೂ ಕೆಳಗಿನವರೆಗೆ ಸಿಕ್ಕಿದರೆ ನಿಮ್ಮ ಸೆಟ್ ಸರಿಯಿದೆ ಅಂತಲೇ ಅರ್ಥ, ಅಲ್ವಾ?

ಪ್ರಶ್ನೆ: ಮೊಬೈಲ್ ಆ್ಯಪಿನಲ್ಲಿ ನೆಲದ ವಿಮಾನ ಕಾಣುತ್ತದಲ್ಲ?

ಉತ್ತರ: ಅದನ್ನು ಹಿಡಿದದ್ದು ನಿಲ್ದಾಣದ ಹತ್ತಿರದ ಬೇರೆ ರಿಸೀವರ್, ನಿಮ್ಮ ಮೊಬೈಲ್ ಅಲ್ಲ.

ಪ್ರಶ್ನೆ: ನಮ್ಮ ರಿಸೀವರಿನಿಂದ ವಿಮಾನಕ್ಕೆ ತೊಂದರೆ ಆಗುತ್ತದಾ?

ಉತ್ತರ: ಇಲ್ಲ. ಅದು ಕೇಳುತ್ತದೆ, ಕಳಿಸುವುದಿಲ್ಲ.

ಪ್ರಶ್ನೆ: ಹಳೇ ಟಿವಿ ಡಿಶ್ ಬಳಸಬಹುದಾ?

ಉತ್ತರ: ಬೇಡ. ಸುಮ್ನೆ ಸಮಯ ಹಾಳು. 6.9 ಸೆಂ.ಮೀ. ತಾಮ್ರದ ತಂತಿಯ ಆಂಟೆನಾ ಅದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ.

ಪ್ರಶ್ನೆ: ಎತ್ತರ ಬೇಕಲ್ಲ, ಅಲ್ಯುಮಿನಿಯಂ ದೋಟಿಗೆ ಆಂಟೆನಾ ಕಟ್ಟಿ ನಿಲ್ಲಿಸಲೇ?

ಉತ್ತರ: ಖಂಡಿತ ಬೇಡ. ಲೋಹದ ದೋಟಿ ಕರೆಂಟ್ ತಂತಿಗೆ ತಾಗಿ ತೋಟದಲ್ಲಿ ಜೀವ ಹೋದ ಸುದ್ದಿ ನಾವೆಲ್ಲ ಓದಿದವರೇ. ಅಡಿಕೆ ಮರದ ತುದಿಯೂ ಬೇಡ. ತಾರಸಿಯಲ್ಲಿ ತಂತಿಯಿಂದ ದೂರ ಗಟ್ಟಿ ಪೈಪ್ ನೆಟ್ಟು ಅರ್ಥಿಂಗ್ ಮಾಡಿಸಿ. ತುಲಾ ತಿಂಗಳ ಸಿಡಿಲು ನಿಮಗೆ ಗೊತ್ತೇ ಇದೆ. ಸಂಜೆ ಮೋಡ ಕಟ್ಟುವ ಮೊದಲೇ ವಯರ್ ಕಳಚಿ ಹೊರಗಿಡಿ. ಗುಡುಗು ಶುರುವಾದ ಮೇಲೆ ಅದನ್ನು ಮುಟ್ಟಲು ಹೋಗಬೇಡಿ.