ಕಲ್ಕತ್ತಾದ ಮೊದಲ ಮೇಯರ್ ವಕೀಲರಾಗಿದ್ದರಂತೆ, ಯಾರವರು?

ಹೌದು, ವಕೀಲರೇ. ದೇಶಬಂಧು ಚಿತ್ತರಂಜನ ದಾಸ್. ಹುಟ್ಟಿದ್ದು 1870ರಲ್ಲಿ. ಐಸಿಎಸ್ (ಬ್ರಿಟಿಷ್ ಕಾಲದ ಉನ್ನತ ಆಡಳಿತ ಸೇವೆ) ಮಾಡಲೆಂದು ಇಂಗ್ಲೆಂಡಿಗೆ ಹೋದರು, ಅದು ಕೈಗೂಡಲಿಲ್ಲ, ಬ್ಯಾರಿಸ್ಟರ್ ಆಗಿ ಮರಳಿದರು. ಮೊದಮೊದಲು ಕಷ್ಟದ ದಿನಗಳೇ. ಅಪ್ಪನ ಸಾಲದ ಹೊರೆಯಿಂದ ದಿವಾಳಿ ಎಂದು ಘೋಷಣೆಯಾಗಬೇಕಾಯಿತು. ಕೈಯಲ್ಲಿ ಕಾಸು ಓಡಾಡತೊಡಗಿದ ಮೇಲೆ, ಕಾನೂನಿನ ಪ್ರಕಾರ ಕೊಡಲೇಬೇಕಿಲ್ಲದ ಆ ಸಾಲವನ್ನೂ ತೀರಿಸಿದರು. ನನಗೆ ಅವರ ಬಗ್ಗೆ ಗೌರವ ಹುಟ್ಟಿದ್ದು ಈ ಸಂಗತಿ ಓದಿದಾಗ.

ಹೆಸರು ತಂದುಕೊಟ್ಟದ್ದು ಅಲೀಪುರ ಬಾಂಬ್ ಮೊಕದ್ದಮೆ, ಅಂದರೆ ಬ್ರಿಟಿಷರ ವಿರುದ್ಧ ಸಂಚು ಹೂಡಿದರೆಂದು ಕ್ರಾಂತಿಕಾರಿಗಳ ಮೇಲೆ ಹೂಡಿದ ಕೇಸು. ಅರವಿಂದ ಘೋಷರ ಪರ ವಾದಿಸಿದರು, 1909ರಲ್ಲಿ ಅರವಿಂದರು ಖುಲಾಸೆಯಾದರು. (ತಮಾಷೆಯೆಂದರೆ, ತೀರ್ಪು ಕೊಟ್ಟ ಜಡ್ಜ್ ಬೀಚ್‌ಕ್ರಾಫ್ಟ್ ಕೇಂಬ್ರಿಜ್‌ನಲ್ಲಿ ಅರವಿಂದರ ಕಾಲದಲ್ಲೇ ಓದಿದವರು.) ಆಮೇಲೆ ಕೇಸುಗಳಿಗೆ ಬರವಿರಲಿಲ್ಲ. ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಅಷ್ಟು ದೊಡ್ಡ ವಕಾಲತ್ತನ್ನೇ ಬಿಟ್ಟರು, ಜೈಲಿಗೂ ಹೋದರು.

1923ರಲ್ಲಿ ಮೋತಿಲಾಲ್ ನೆಹರೂ ಜೊತೆ ಸ್ವರಾಜ್ ಪಕ್ಷ ಕಟ್ಟಿದರು. ಅದೇ ವರ್ಷದ ಹೊಸ ಮುನಿಸಿಪಲ್ ಕಾಯ್ದೆಯಿಂದ ಮೇಯರ್ ಹುದ್ದೆ ಬಂತು. 1924ರ ಚುನಾವಣೆ ಗೆದ್ದು ಮೇಯರ್ ಆದವರೇ, ಕಾರ್ಪೊರೇಷನ್ನಿನ ಮುಖ್ಯಾಧಿಕಾರಿ ಕುರ್ಚಿಗೆ ಇಪ್ಪತ್ತೇಳರ ಹುಡುಗನೊಬ್ಬನನ್ನು ತಂದರು: ಸುಭಾಷ್‌ಚಂದ್ರ ಬೋಸ್! ಸಂಬಳ ಮೂರು ಸಾವಿರ, ಬೋಸ್ ತೆಗೆದುಕೊಂಡದ್ದು ಅರ್ಧ. ಅಕ್ಟೋಬರಿನಲ್ಲೇ ಸರ್ಕಾರ ಬೋಸರನ್ನು ಬಂಧಿಸಿತು.

ದಾಸ್ 1925ರ ಜೂನ್ 16ರಂದು ಡಾರ್ಜಿಲಿಂಗ್‌ನಲ್ಲಿ ತೀರಿಕೊಂಡರು. ಅವರು ದಾನ ಕೊಟ್ಟ ಮನೆ ಮಹಿಳೆಯರ ಆಸ್ಪತ್ರೆಯಾಯಿತು. ಅವರ ನಂತರ ಮೇಯರ್ ಆದ ಜತೀಂದ್ರ ಮೋಹನ್ ಸೇನ್‌ಗುಪ್ತ ಕೂಡ ಬ್ಯಾರಿಸ್ಟರೇ.