ಎರಡು ಮನೆ, ಆರು ಪುಸ್ತಕ: ಗೋಣಿಕೊಪ್ಪದ ಅಕ್ಕನ ಪ್ರಶ್ನೆಗೆ

ನಮಸ್ಕಾರ ಅಕ್ಕ. ಈಗ ನೋಡ್ತಿರೋರಿಗೂ ಗೊತ್ತಾಗಲಿ ಅಂತ ನಿಮ್ಮ ಪ್ರಶ್ನೆಯನ್ನ ಮೊದಲು ಎರಡು ಮಾತಲ್ಲಿ ಹೇಳ್ತೀನಿ. ಗೋಣಿಕೊಪ್ಪದಲ್ಲಿ ನಿಮ್ಮದು ಕಾಫಿ ತೋಟ, ಹೋಂಸ್ಟೇ, ಗೊಬ್ಬರದ ಅಂಗಡಿ. ಸುಂಟಿಕೊಪ್ಪದಲ್ಲಿ ನಿಮ್ಮ ಅಣ್ಣನದು ತೋಟ, ಕಾಫಿ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹದ ಮಾಡೋದು) ಮಾಡುವ ಪ್ರೈವೇಟ್ ಲಿಮಿಟೆಡ್ ಕಂಪನಿ, ಜೀಪು-ಲಾರಿ ಬಾಡಿಗೆ. ಆರಕ್ಕೂ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಬೇರೆ ಬೇರೆ ಪುಸ್ತಕ. ವರ್ಷವಿಡೀ ಅಲ್ಲಿಂದಿಲ್ಲಿಗೆ ದುಡ್ಡು ಓಡಾಡುತ್ತೆ, ಮಾರ್ಚ್ ಮುಗಿದಾಗ ಒಂದೂ ತಾಳೆ ಆಗಲ್ಲ. ಹೋಂಸ್ಟೇ ಪುಸ್ತಕದಲ್ಲಿ ಜೀಪಿನ ಬಾಕಿ ಸೊನ್ನೆ, ಜೀಪಿನ ಪುಸ್ತಕದಲ್ಲಿ ಹೋಂಸ್ಟೇ ಕೊಡಬೇಕಾದ್ದು 36,000. ದೊಡ್ಡ ಕಂಪನಿಗಳ ಸಾಫ್ಟ್‌ವೇರ್‌ನಲ್ಲಿ ಮನೆಯೊಳಗೇ ಒಂದು ಬ್ಯಾಂಕ್ ಇರುತ್ತೆ, ಈ ಲೆಕ್ಕವೆಲ್ಲ ತಾನಾಗೇ ಆಗುತ್ತೆ ಅಂತ ಬೆಂಗಳೂರಿನ ಸ್ನೇಹಿತರು ಹೇಳಿದ್ದಾರೆ. ನಮ್ಮಂಥವರಿಗೆ ಅದು ಆಗುತ್ತಾ ಅಂತ ನಿಮ್ಮ ಪ್ರಶ್ನೆ.

ಆಗುತ್ತೆ. ಊರಿಗೆ ಬಂದು ತೋಟ ನೋಡಿಕೊಳ್ಳೋಕೆ ಮೊದಲು ಬೆಂಗಳೂರಲ್ಲಿ ಒಂದು ಕಂಪನಿಯ ಟ್ರೆಷರಿಯಲ್ಲಿ, ಅಂದ್ರೆ ದುಡ್ಡಿನ ಓಡಾಟ ನೋಡಿಕೊಳ್ಳೋ ವಿಭಾಗದಲ್ಲಿ, ನಾನು ಇದೇ ಕೆಲಸ ಮಾಡ್ತಿದ್ದೆ. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೀತೀನಿ.

ಮೊದಲು ಆ 36,000. ವ್ಯತ್ಯಾಸ ಬಂದ ಕೂಡಲೇ ಅದನ್ನ ಅರ್ಧ ಮಾಡಿ, 18,000ದ ಎಂಟ್ರಿ ಇದೆಯಾ ನೋಡಿ. ಹೋಂಸ್ಟೇ ಕೊಟ್ಟ ದುಡ್ಡನ್ನ ಅಣ್ಣನ ಕಡೆ ಬರೆಯೋರು ಹೋಂಸ್ಟೇ ಖಾತೆಗೆ ಕ್ರೆಡಿಟ್ (ಬಂತು) ಹಾಕೋ ಬದಲು ಡೆಬಿಟ್ (ಬರಬೇಕು) ಹಾಕಿದ್ರೆ, ತೀರಬೇಕಾದ ಬಾಕಿ ತೀರಲ್ಲ, ಮೇಲಿಂದ ಅಷ್ಟೇ ಮೊತ್ತ ಇನ್ನೊಂದು ಸಲ ಏರುತ್ತೆ. ವ್ಯತ್ಯಾಸ ಸರಿಯಾಗಿ ಎರಡರಷ್ಟು ಬರುತ್ತೆ. ಒಂದೇ ವ್ಯವಹಾರವನ್ನ ಇಬ್ಬರು ಎರಡು ಕಡೆ ಕೂತು ಕೈಯಲ್ಲಿ ಬರೆಯೋವಾಗ ಇದು ಆಗೇ ಆಗುತ್ತೆ, ಬರೆದವರನ್ನ ಬೈದು ಪ್ರಯೋಜನ ಇಲ್ಲ. ಒಂದು ಸಲ ಬರೆದದ್ದು ಮಿಕ್ಕ ಪುಸ್ತಕಗಳಿಗೆ ತಾನಾಗಿ ಹೋಗಬೇಕು. ಮನೆ ಬ್ಯಾಂಕ್ ಅನ್ನೋದು ಇರೋದೇ ಅದಕ್ಕೆ.

ದೊಡ್ಡ ಕಂಪನಿಗಳಲ್ಲಿ ಹೇಗೆ ಅಂದ್ರೆ, ಎಸ್‌ಎಪಿ ಅನ್ನೋ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಇನ್-ಹೌಸ್ ಕ್ಯಾಶ್ ಅಂತಾರೆ, ಅದರ ಹೊಸ ಆವೃತ್ತಿ ಎಸ್/4ಹಾನಾದಲ್ಲಿ ಇನ್-ಹೌಸ್ ಬ್ಯಾಂಕಿಂಗ್. ಗುಂಪಿನ ಒಂದು ಕಂಪನಿ ಬ್ಯಾಂಕಿನ ಥರ ಕೂರುತ್ತೆ, ಅದೇ ಕೇಂದ್ರ; ಮಿಕ್ಕವೆಲ್ಲ ಅದರಲ್ಲಿ ಕರೆಂಟ್ ಅಕೌಂಟ್ ಇಟ್ಟುಕೊಳ್ತವೆ. ಇದು ನಿಜವಾದ ಬ್ಯಾಂಕ್ ಅಲ್ಲ, ಪುಸ್ತಕದೊಳಗಿನ ವ್ಯವಸ್ಥೆ. ಗುಂಪು ದೊಡ್ಡದಾದ್ರೆ ಇಂಥ ಕೇಂದ್ರಗಳು ಎರಡೋ ಮೂರೋ ಇರ್ತವೆ, ಒಂದೊಂದಕ್ಕೂ ಸಾಫ್ಟ್‌ವೇರ್‌ನಲ್ಲಿ ಬ್ಯಾಂಕ್ ಏರಿಯಾ ಅನ್ನೋ ಬೇರೆ ವಿಭಾಗ. ಆಗ ಒಂದು ಕೇಂದ್ರದ ಪುಸ್ತಕದಲ್ಲಿ ಇನ್ನೊಂದು ಕೇಂದ್ರದ ಹೆಸರಲ್ಲಿ ಒಂದೇ ಒಂದು ಕ್ಲಿಯರಿಂಗ್ ಅಕೌಂಟ್ (ಎರಡರ ನಡುವಿನ ಕೊಡು-ಕೊಳ್ಳೋದನ್ನ ಹಾಯಿಸೋ ಖಾತೆ) ಇರುತ್ತೆ. ಆ ಕಡೆಯ ಯಾರಿಗೆ ಕೊಡೋದಿದ್ರೂ ದಾರಿ ಅದೊಂದೇ.

ನಿಮ್ಮ ಮನೆಗೆ ಬೇಕಾದ್ದು ಈ ಎರಡು ಕೇಂದ್ರದ ಲೆಕ್ಕವೇ. ಆರು ಪುಸ್ತಕ ಒಂದಕ್ಕೊಂದು ನೇರ ವ್ಯವಹಾರ ಮಾಡಿದ್ರೆ 15 ಜೋಡಿ ಬಾಕಿ ತಾಳೆ ನೋಡಬೇಕು. ಗೋಣಿಕೊಪ್ಪದಲ್ಲಿ ತೋಟವೇ ಕೇಂದ್ರ, ಸುಂಟಿಕೊಪ್ಪದಲ್ಲೂ ತೋಟವೇ ಕೇಂದ್ರ ಅಂತ ಮಾಡಿಕೊಂಡ್ರೆ ಆ ಕಡೆ ಎರಡು, ಈ ಕಡೆ ಎರಡು, ನಡುವೆ ಒಂದು. ಒಟ್ಟು ಐದು.

ಅದೇ ಜೀಪಿನ 18,000 ಹೇಗೆ ಹೋಗುತ್ತೆ ನೋಡಿ. ಹೋಂಸ್ಟೇ ಪುಸ್ತಕದಲ್ಲಿ ಜೀಪಿನ ಬಾಕಿಗೆ ಡೆಬಿಟ್, ಗೋಣಿಕೊಪ್ಪ ಮನೆ ಖಾತೆಗೆ (ಅಂದ್ರೆ ಆ ಕೇಂದ್ರದ ಜೊತೆಗಿನ ಖಾತೆಗೆ) ಕ್ರೆಡಿಟ್. ಗೋಣಿಕೊಪ್ಪ ಕೇಂದ್ರದಲ್ಲಿ ಹೋಂಸ್ಟೇ ಖಾತೆಗೆ ಡೆಬಿಟ್, ಸುಂಟಿಕೊಪ್ಪ ಕೇಂದ್ರಕ್ಕೆ ಕ್ರೆಡಿಟ್. ಸುಂಟಿಕೊಪ್ಪ ಕೇಂದ್ರದಲ್ಲಿ ಗೋಣಿಕೊಪ್ಪ ಕೇಂದ್ರಕ್ಕೆ ಡೆಬಿಟ್, ಜೀಪಿನ ಖಾತೆಗೆ ಕ್ರೆಡಿಟ್. ಕೊನೆಗೆ ಜೀಪಿನ ಪುಸ್ತಕದಲ್ಲಿ ಸುಂಟಿಕೊಪ್ಪ ಮನೆ ಖಾತೆಗೆ ಡೆಬಿಟ್, ಹೋಂಸ್ಟೇ ಬಾಕಿಗೆ ಕ್ರೆಡಿಟ್. ನಾಲ್ಕು ಪುಸ್ತಕ, ಎಂಟು ಸಾಲು, ಹೊರಗಿನ ಬ್ಯಾಂಕಿನಿಂದ ಒಂದು ರೂಪಾಯಿಯೂ ಅಲುಗಲಿಲ್ಲ. ಇಷ್ಟನ್ನೂ ಕೈಯಲ್ಲಿ ಬರೆಯೋಕೆ ಹೋದ್ರೆ ಈಗಿಗಿಂತ ಹೆಚ್ಚು ತಪ್ಪಾಗುತ್ತೆ, ಅದಂತೂ ಖಂಡಿತ. ಎಸ್‌ಎಪಿಯಲ್ಲಿ ಹೋಂಸ್ಟೇಯಂಥ ಕಂಪನಿ ಕೊಡಬೇಕಾದ ಬಿಲ್ಲುಗಳನ್ನ ಒಟ್ಟಿಗೆ ಪಾವತಿಗೆ ಹಾಕೋ ಮಾಮೂಲಿ ಪೇಮೆಂಟ್ ರನ್ ಓಡಿಸಿದ್ರೆ ಸಾಕು. ಪೇಮೆಂಟ್ ಆರ್ಡರ್ ಐಡಾಕ್ ಅನ್ನೋ ಸಂದೇಶವಾಗಿ ಕೇಂದ್ರಕ್ಕೆ ಹೋಗುತ್ತೆ. ದುಡ್ಡು ಸೇರಬೇಕಾದವರ ಖಾತೆ ಯಾವ ಕೇಂದ್ರದಲ್ಲಿದೆ ಅಂತ ಅದು ನೋಡಿ ದಾರಿ ಹಿಡಿಸುತ್ತೆ. ದಿನದ ಕೊನೆಯ ಕೆಲಸ ಓಡಿದಾಗ ಪ್ರತಿ ಕಂಪನಿಗೂ ಬ್ಯಾಂಕ್ ಸ್ಟೇಟ್‌ಮೆಂಟ್ ಥರದ್ದೇ ಒಂದು ಸ್ಟೇಟ್‌ಮೆಂಟ್ ಹೋಗಿ, ಬಾಕಿ ತಾನಾಗಿ ಕ್ಲಿಯರ್ ಆಗುತ್ತೆ.

ನಿಮಗೆ ಎಸ್‌ಎಪಿ ಬೇಡ ಅಕ್ಕ. ಯಾರಾದ್ರೂ ಮಾರೋಕೆ ಬಂದ್ರೂ ತಗೋಬೇಡಿ. ಎರಡು ದಾರಿ ಇದೆ.

ಟ್ಯಾಲಿಯಲ್ಲೇ ಇರೋದಾದ್ರೆ, ಇಬ್ಬರೂ ನೋಡಬಹುದಾದ ಒಂದು ಗೂಗಲ್ ಶೀಟ್ ಮಾಡಿ. ಒಂದು ವ್ಯವಹಾರಕ್ಕೆ ಒಂದೇ ಸಾಲು: ತಾರೀಕು, ಕೊಡೋರು, ತಗೊಳ್ಳೋರು, ಮೊತ್ತ, ಯಾವ ಬಿಲ್ಲು, ನಂಬರ್. ಆ ಸಾಲಿನಿಂದ ನಾಲ್ಕು ಜರ್ನಲ್ ವೋಚರ್ (ನಗದು ಓಡಾಡದ ಲೆಕ್ಕದ ಎಂಟ್ರಿ) ಹೊರಡುವ ಹಾಗೆ ಫಾರ್ಮುಲಾ ಬರೆಸಿ, ಟ್ಯಾಲಿ ಓದಬಲ್ಲ ಎಕ್ಸ್‌ಎಂಎಲ್ ಫೈಲ್ ಮಾಡಿ ಆಯಾ ಪುಸ್ತಕಕ್ಕೆ ಇಂಪೋರ್ಟ್ ಮಾಡೋದು. ಗೊತ್ತಿರೋ ಹುಡುಗರಿಗೆ ಕೆಲವೇ ದಿನದ ಕೆಲಸ. ಇನ್ನೊಂದು ದಾರಿ ಇಆರ್‌ಪಿನೆಕ್ಸ್ಟ್, ನಮ್ಮ ದೇಶದಲ್ಲೇ ಹುಟ್ಟಿದ ಓಪನ್ ಸೋರ್ಸ್ ಸಾಫ್ಟ್‌ವೇರ್. ಅದರಲ್ಲಿ ಇಂಟರ್ ಕಂಪನಿ ಜರ್ನಲ್ ಎಂಟ್ರಿ ಅಂತಲೇ ಇದೆ. ಒಂದು ಕಂಪನಿಯಲ್ಲಿ ಬರೆದದ್ದಕ್ಕೆ ಇನ್ನೊಂದು ಕಂಪನಿಯಲ್ಲಿ ಜೋಡಿ ಎಂಟ್ರಿ ಮಾಡಿ ಎರಡನ್ನೂ ಲಿಂಕ್ ಮಾಡಬಹುದು. ಆದ್ರೆ ಆರು ಪುಸ್ತಕವನ್ನೂ ಅಲ್ಲಿಗೆ ಸಾಗಿಸಬೇಕು, ಬರೆಯೋರು ಹೊಸದಾಗಿ ಕಲೀಬೇಕು. ಗೊಬ್ಬರದಂಗಡಿ ಹುಡುಗನಿಗೆ ಟ್ಯಾಲಿ ಕೈಗೆ ಕೂತಿದೆ ಅಂತ ನೀವೇ ಬರೆದಿದ್ದೀರಿ, ಹಾಗಾಗಿ ಮೊದಲ ದಾರಿಯನ್ನೇ ಹಿಡಿಯಿರಿ ಅಂತೀನಿ.

ಯಾವ ದಾರಿಯಾದ್ರೂ ನಂಬರ್ ವಿಷಯದಲ್ಲಿ ಸಡಿಲ ಬಿಡಬೇಡಿ. ಒಂದು ವ್ಯವಹಾರಕ್ಕೆ ಒಂದೇ ನಂಬರ್, ನಾಲ್ಕೂ ಪುಸ್ತಕದಲ್ಲಿ ಅದೇ. ಗೋ-ಸು-0147 ಅಂತಿದ್ರೆ ಹೋಂಸ್ಟೇಯಲ್ಲೂ ಅದೇ, ಜೀಪಿನಲ್ಲೂ ಅದೇ. ತಾಳೆ ನೋಡೋವಾಗ ಮೊತ್ತ ಇಟ್ಟುಕೊಂಡು ಹುಡುಕೋದಲ್ಲ, ನಂಬರ್ ಇಟ್ಟುಕೊಂಡು ಹುಡುಕೋದು. ಒಂದೇ ವಾರದಲ್ಲಿ 18,000ದ ಬಾಡಿಗೆ ಮೂರು ಸಲ ಬಂದಿದ್ರೂ ಗೊಂದಲ ಆಗಲ್ಲ.

ತಾರೀಕಿನ ವಿಷಯವೂ ಅಷ್ಟೇ. ನಾನಿದ್ದ ಕಂಪನಿಯಲ್ಲಿ ಒಂದು ಮಾರ್ಚ್ 31ರ ರಾತ್ರಿ ಒಂದು ಕೇಂದ್ರದ ದಿನದ ಕೊನೆಯ ಕೆಲಸ 12 ಗಂಟೆಗೆ ಮೊದಲು ಓಡಿತು, ಇನ್ನೊಂದರದ್ದು ತಡವಾಗಿ 12 ದಾಟಿದ ಮೇಲೆ. ಒಂದು ಕಡೆ ದುಡ್ಡು ಹಳೇ ವರ್ಷದಲ್ಲಿ ಹೋಯಿತು, ಇನ್ನೊಂದು ಕಡೆ ಹೊಸ ವರ್ಷದಲ್ಲಿ ಬಂತು. ಟ್ರೆಷರಿಯ ನಾವಿಬ್ಬರು ಬೆಳಗಿನ ಜಾವದ ತನಕ ಪ್ರಿಂಟ್‌ಔಟ್ ಹರಡಿಕೊಂಡು, ಸ್ಕೇಲ್ ಇಟ್ಟು ಒಂದೊಂದೇ ಸಾಲಿಗೆ ಪೆನ್ಸಿಲ್ ಗುರುತು ಹಾಕ್ತಾ ಕೂತಿದ್ವಿ. ಎಲ್ಲ ಮೊತ್ತವೂ ಸರಿ, ತಾರೀಕು ಮಾತ್ರ ಬೇರೆ. ಅದಕ್ಕೇ ಹೇಳ್ತೀನಿ, ಇಂಪೋರ್ಟ್ ಮಾಡಿದ ದಿನ ಯಾವುದಾದ್ರೂ ಆಗಲಿ, ವೋಚರ್‌ಗೆ ಶೀಟಿನ ತಾರೀಕೇ ಬೀಳಬೇಕು. ಮಾರ್ಚ್ 28ರ ನಂತರ ಮನೆ ಖಾತೆಯಲ್ಲಿ ಹೊಸ ವ್ಯವಹಾರ ಬೇಡ ಅಂತ ಅಣ್ಣನ ಹತ್ರ ಮಾತಾಡಿಕೊಳ್ಳಿ.

ಇನ್ನು ನಮ್ಮ ಮಳೆಗಾಲ. ಜುಲೈನಲ್ಲಿ ಇಂಪೋರ್ಟ್ ಅರ್ಧ ಆಗಿರೋವಾಗ ಕರೆಂಟ್ ಹೋಗೋದು ಕೊಡಗಿನಲ್ಲಿ ಯಾರಿಗೂ ಹೊಸದಲ್ಲ. ಎಷ್ಟು ಹೋಯಿತೋ ಗೊತ್ತಿಲ್ಲದೆ ಮತ್ತೆ ಇಡೀ ಫೈಲ್ ಹಾಕಿದ್ರೆ ಕೆಲವು ಎಂಟ್ರಿ ಎರಡೆರಡು ಸಲ ಕೂರಬಹುದು. ಪ್ರತಿ ಫೈಲ್‌ಗೂ ಎಷ್ಟು ವೋಚರ್, ಒಟ್ಟು ಎಷ್ಟು ರೂಪಾಯಿ ಅಂತ ಶೀಟಿನಲ್ಲೇ ಬರೆದಿಟ್ಟು, ಇಂಪೋರ್ಟ್ ಆದ ಮೇಲೆ ಟ್ಯಾಲಿ ಎಷ್ಟು ಸೇರಿಸಿತು ಅಂತ ತೋರಿಸುತ್ತಲ್ಲ, ಅದರ ಜೊತೆ ಹೋಲಿಸಿ. ಸರಿ ಬಂದ ಮೇಲೆ ಮಾತ್ರ ಶೀಟಿನ ಆ ಸಾಲುಗಳ ಮುಂದೆ 'ಹೋಗಿದೆ' ಅಂತ ಹಾಕಿ. ಹಾಕಿದ ಸಾಲು ಮುಂದಿನ ಫೈಲ್‌ಗೆ ಬರಬಾರದು.

ತಾಳೆ ನೋಡೋಕೆ ಒಂದು ಸುಲಭ ಉಪಾಯ ಇದೆ. ಎರಡೂ ಕೇಂದ್ರದಲ್ಲಿ ನಡುವಿನ ಲೆಡ್ಜರ್‌ಗೆ (ಖಾತೆಗೆ) ಒಂದೇ ಹೆಸರಿಡಿ, 'ಗೋಣಿ-ಸುಂಟಿ ಮನೆ ಖಾತೆ' ಅಂತ. ಟ್ಯಾಲಿಯ ಗ್ರೂಪ್ ಕಂಪನಿ ಅನ್ನೋ ಸೌಲಭ್ಯದಲ್ಲಿ ಎರಡೂ ತೋಟದ ಪುಸ್ತಕ ಸೇರಿಸಿ ನೋಡಿದ್ರೆ ಒಂದೇ ಹೆಸರಿನ ಲೆಡ್ಜರ್‌ಗಳು ಒಟ್ಟಿಗೆ ಕೂಡುತ್ತವೆ. ಒಂದು ಕಡೆ ಡೆಬಿಟ್ ಇದ್ದಷ್ಟೇ ಇನ್ನೊಂದು ಕಡೆ ಕ್ರೆಡಿಟ್ ಇರಬೇಕು, ಹಾಗಾಗಿ ಮೊತ್ತ ಸೊನ್ನೆ ಬರಬೇಕು. ಸೊನ್ನೆ ಬರದಿದ್ರೆ ಆ ವಾರವೇ ಹುಡುಕಿ. ಶನಿವಾರ ಸಂಬಳದ ಲೆಕ್ಕ ಮುಗಿಸಿದ ಮೇಲೆ ಐದು ನಿಮಿಷ ಸಾಕು.

ತಿಂಗಳ ಕೊನೆಗೆ ಎರಡು ಕೇಂದ್ರದ ನಡುವೆ ಉಳಿದ ಮೊತ್ತವನ್ನ ಒಂದೇ ಎನ್‌ಇಎಫ್‌ಟಿಯಲ್ಲಿ ತೀರಿಸಿಬಿಡಿ. ಜನವರಿಯಿಂದ ಮಾರ್ಚ್ ತನಕ ರೋಬಸ್ಟಾ ಕೊಯ್ಲಿನ ಸಂಬಳಕ್ಕೆ ತೋಟದವರು ಓವರ್‌ಡ್ರಾಫ್ಟ್ ಮೇಲೆ ಬಡ್ಡಿ ಕಟ್ತಾ ಇರ್ತೀವಿ, ಹೋಂಸ್ಟೇ ಖಾತೆಯಲ್ಲಿ ರಜೆ ದಿನಗಳ ದುಡ್ಡು ಸುಮ್ಮನೆ ಕೂತಿರುತ್ತೆ. ಮನೆ ಖಾತೆ ಇದ್ರೆ ಯಾರ ಹತ್ರ ಎಷ್ಟಿದೆ ಅಂತ ಒಂದೇ ನೋಟಕ್ಕೆ ಕಾಣುತ್ತೆ. ನನಗೆ ಈ ವ್ಯವಸ್ಥೆಯಲ್ಲಿ ಅತಿ ಇಷ್ಟವಾದದ್ದು ಅದೇ.

ಕಾನೂನಿನ ಮಾತು ಹೇಳದೆ ಮುಗಿಸೋದು ತಪ್ಪಾಗುತ್ತೆ. ಮೇಲಿನ ಜರ್ನಲ್ ದಾರಿ ಬಾಡಿಗೆ, ಗೊಬ್ಬರ, ಕ್ಯೂರಿಂಗ್ ಚಾರ್ಜ್ ಇಂಥ ವ್ಯಾಪಾರದ ಬಾಕಿಗೆ ಮಾತ್ರ. ಸಾಲ ಅಂತ ಕೊಟ್ಟದ್ದು, ತಗೊಂಡದ್ದು, ತೀರಿಸಿದ್ದು 20,000 ಮುಟ್ಟಿತು ಅಂದ್ರೆ ಅಕೌಂಟ್ ಪೇಯಿ ಚೆಕ್ಕಿನಲ್ಲೋ ಬ್ಯಾಂಕ್ ಟ್ರಾನ್ಸ್‌ಫರ್‌ನಲ್ಲೋ ಹೋಗಬೇಕು. 1961ರ ಆದಾಯ ತೆರಿಗೆ ಕಾಯ್ದೆಯ 269ಎಸ್‌ಎಸ್, 269ಟಿ ಅಂತ ನಮ್ಮ ಆಡಿಟರ್‌ಗಳು ಹೇಳ್ತಾ ಬಂದಿರೋ ನಿಯಮ ಇದೇ. ಸಾಲವನ್ನ ಜರ್ನಲ್ ಎಂಟ್ರಿಯಲ್ಲಿ ತೀರಿಸಿದ ಪ್ರಕರಣಗಳು ಹೈಕೋರ್ಟ್ ತನಕ ಹೋಗಿವೆ. ಅಣ್ಣನ ಪ್ರೈವೇಟ್ ಲಿಮಿಟೆಡ್‌ನಿಂದ ಮನೆಯವರಿಗೋ ಅವರ ಪಾಲಿರುವ ಬೇರೆ ಸಂಸ್ಥೆಗೋ ಸಾಲವಾಗಿ ದುಡ್ಡು ಹೋದ್ರೆ ಅದನ್ನ ಡಿವಿಡೆಂಡ್ ಅಂತಲೇ ಎಣಿಸಿ ತೆರಿಗೆ ಬೀಳೋ ಸಂದರ್ಭ ಇದೆ. ಅದಕ್ಕೇ ಕ್ಯೂರಿಂಗ್ ಕಂಪನಿಯನ್ನ ಕೇಂದ್ರ ಮಾಡದೆ ತೋಟವನ್ನ ಮಾಡಿ ಅಂದದ್ದು. ಮನೆ ಖಾತೆಯಲ್ಲಿ ಆ ಕಂಪನಿಗೆ ಬರಬೇಕಾದ ಬಾಕಿಯೂ ತಿಂಗಳುಗಟ್ಟಲೆ ಬೆಳೆಯೋಕೆ ಬಿಡಬೇಡಿ. ಟಿಡಿಎಸ್ (ಕೊಡುವಾಗಲೇ ಹಿಡಿದುಕೊಳ್ಳೋ ತೆರಿಗೆ) ಹಿಡಿಯಬೇಕಾದ ಬಿಲ್ಲಿಗೆ ಪುಸ್ತಕದಲ್ಲೇ ವಜಾ ಮಾಡಿಕೊಂಡ್ರೂ ಹಿಡಿಯಲೇಬೇಕು. ಮನೆ ಖಾತೆಗೆ ಬಡ್ಡಿ ಹಾಕ್ತೀರಾದ್ರೆ ಮೊದಲೇ ಆಡಿಟರ್‌ನ ಕೇಳಿ. ಬೆಳೆದು ಕ್ಯೂರಿಂಗ್ ಮಾಡಿ ಮಾರಿದ ಕಾಫಿಯ ಆದಾಯದಲ್ಲಿ 25 ಪರ್ಸೆಂಟ್ ಮಾತ್ರ ಕೇಂದ್ರ ಸರ್ಕಾರದ ಆದಾಯ ತೆರಿಗೆಗೆ ಬರುತ್ತೆ, ಆದ್ರೆ ತೋಟಕ್ಕೆ ಬಂದ ಬಡ್ಡಿ ಕೃಷಿ ಆದಾಯ ಆಗಲ್ಲ. ಆರೂ ಸಂಸ್ಥೆಯವರು ಸಹಿ ಹಾಕಿದ ಎರಡು ಪುಟದ ಒಪ್ಪಂದವನ್ನೂ ಆಡಿಟರ್ ಹತ್ರವೇ ಬರೆಸಿಡಿ.

ಶುರು ಮಾಡೋದು ಏಪ್ರಿಲ್ 1ರಿಂದ ಆಗಲಿ, ಹಳೇ ಬಾಕಿಯೆಲ್ಲ ತಾಳೆ ಆಗಿ ಇಬ್ಬರೂ ಒಪ್ಪಿದ ಮೇಲೆ. ಮೊದಲ ಎರಡು ತಿಂಗಳು ಹೋಂಸ್ಟೇ ಮತ್ತು ಜೀಪು ಮಾತ್ರ ಇಟ್ಟುಕೊಳ್ಳಿ. ತೋಟದ ಗೊಬ್ಬರದ ಲೆಕ್ಕ ಆಮೇಲೆ ಸೇರಿಸಬಹುದು. ನಾನು ನಮ್ಮ ಮನೆಗೆ ಮಾಡಿದ ಶೀಟ್ ಇದೆ, ಹೆಸರು-ಮೊತ್ತ ತೆಗೆದು ಇಲ್ಲೇ ನಮ್ಮ ಗುಂಪಿಗೆ ಹಾಕ್ತೀನಿ. ಅಷ್ಟರೊಳಗೆ ಅಣ್ಣನ ಜೀಪಿನ ಪುಸ್ತಕದಲ್ಲಿ ಹೋಂಸ್ಟೇ ಲೆಡ್ಜರ್ ತೆಗೆಸಿ, ಡೆಬಿಟ್ ಕಡೆ ಬಿಲ್ಲಿಲ್ಲದ 18,000 ಕೂತಿದೆಯಾ ನೋಡಿ ಇಲ್ಲೇ ತಿಳಿಸಿ ಅಕ್ಕ.